ಮಳೆಗಾಲದಲ್ಲಿ ಒಗೆದ ಬಟ್ಟೆಯ ಮುಗ್ಗಲು ವಾಸನೆ: ಟವೆಲ್, ಬೆಡ್‌ಶೀಟ್, ಮೆಷಿನ್, ಕಪಾಟು

ಕೊಪ್ಪದ_ಮಳೆ

ಆರಿದ್ರಾ ಮಳೆ ಹಿಡಿದ ಮೇಲೆ ಬಟ್ಟೆ ಒಣಗೋಕೆ ಎರಡು ದಿನ ಬೇಕು. ಟವೆಲ್, ಬನಿಯನ್, ಬೆಡ್‌ಶೀಟ್ ಮೂರರಲ್ಲೂ ಮುಗ್ಗಲು ವಾಸನೆ. ಒಣಗಿರುವಾಗ ಅಷ್ಟಾಗಿ ಗೊತ್ತಾಗಲ್ಲ, ಮೈ ಒರೆಸಿಕೊಂಡ ತಕ್ಷಣ ಎದ್ದು ಬರುತ್ತೆ.

ವಿವರ ಹೇಳಿಬಿಡ್ತೀನಿ: 7 ಕೆಜಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್, ತೆರೆದ ಬಾವಿಯ ನೀರು, ಪುಡಿ ದೊಡ್ಡ ಲೋಟದಲ್ಲಿ ಒಂದು ತುಂಬ. ರಾತ್ರಿ ನೆನೆಹಾಕಿ ಬೆಳಗ್ಗೆ ಒಗೆಯೋದು, ಕೊನೆಯ ನೀರಿಗೆ ಘಮಘಮ ಅನ್ನೋ ಕಂಡೀಷನರ್. ಬಿಸಿಲು ಸಿಗುವ ಹಾಗಿಲ್ಲ. ಬಿಸಿಲಿಲ್ಲದೆ ಈ ವಾಸನೆ ಹೋಗಿಸೋದು ಹೇಗೆ? ವಿನೆಗರ್, ಅಡುಗೆ ಸೋಡಾ ಅಂತ ಎಲ್ಲರೂ ಹೇಳ್ತಾರೆ, ಅದರಲ್ಲಿ ಯಾವುದು ನಿಜ?

ರಸಾಯನ_ಮೇಷ್ಟ್ರು

ಒದ್ದೆಯಾದಾಗ ಏಳುವ ವಾಸನೆ ಅಂದಿರಲ್ಲ, ರೋಗ ಯಾವುದು ಅಂತ ಅದರಲ್ಲೇ ಗೊತ್ತಾಗುತ್ತೆ. ಇದು ಬೂಷ್ಟಲ್ಲ, ಬ್ಯಾಕ್ಟೀರಿಯಾ. ಬೂಷ್ಟಾದರೆ ಕಪ್ಪು ಅಥವಾ ಹಸಿರು ಚುಕ್ಕೆ ಕಾಣುತ್ತೆ, ಒಣಗಿದಾಗಲೂ ಮಣ್ಣಿನ ವಾಸನೆ ಇರುತ್ತೆ.

ಜಪಾನಿನ ಸಂಶೋಧಕರು 2012ರಲ್ಲಿ ಇದೇ ವಾಸನೆಯ ಮೂಲ ಹುಡುಕಿದರು. ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ಉಳಿದ ಮೈಯೆಣ್ಣೆ, ಬೆವರು ತಿಂದು 4-ಮೀಥೈಲ್-3-ಹೆಕ್ಸೆನೋಯಿಕ್ ಆಮ್ಲ ಬಿಡುತ್ತೆ. ಒದ್ದೆ ನೆಲ ಒರೆಸಿದ ಬಟ್ಟೆಯ ವಾಸನೆ ಅಂತೀವಲ್ಲ, ಅದು ಈ ಆಮ್ಲದ್ದು. ಈ ಬ್ಯಾಕ್ಟೀರಿಯಾ ಒಣಗಿದ ಬಟ್ಟೆಯಲ್ಲೂ ಸಾಯದೆ ಕಾದಿರುತ್ತೆ, ಬಿಸಿಲಿನ ನೇರಳಾತೀತ ಕಿರಣವನ್ನೂ ಸಾಕಷ್ಟು ತಡೆದುಕೊಳ್ಳುತ್ತೆ. ಒಮ್ಮೆ ಹಿಡಿದ ಟವೆಲ್ಲನ್ನು ಬಿಸಿಲಿಗೆ ಹಾಕಿದರೂ ಮುಂದಿನ ಸ್ನಾನಕ್ಕೆ ವಾಸನೆ ಮರಳಿ ಬರೋದು ಇದಕ್ಕೇ.

ನೀವು ಬರೆದ ಕ್ರಮದಲ್ಲಿ ನಾಲ್ಕು ತಪ್ಪಿವೆ. ರಾತ್ರಿಯಿಡೀ ನೆನೆಹಾಕೋದು ಮೊದಲನೆಯದು. ಕೊಳೆ ಬಿಟ್ಟ ನೀರಲ್ಲಿ 8 ಗಂಟೆ ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿ ಸಾಕಿದ ಹಾಗೆ. ನೆನೆಸೋದು 30 ನಿಮಿಷ, ತೀರಾ ಕೊಳೆಯಿದ್ದರೆ ಒಂದು ಗಂಟೆ, ಅಷ್ಟೇ. ಎರಡನೆಯದು ಪುಡಿಯ ಅಳತೆ. ಮಲೆನಾಡಿನ ಬಾವಿ ನೀರು ಬಹಳ ಕಡೆ ಮೆದು, ಅಂದರೆ ಸುಣ್ಣದಂಶ ಕಡಿಮೆ, ಅದರಲ್ಲಿ ನೊರೆ ಉಕ್ಕುತ್ತೆ, ಜಾಲಿಸಿದರೂ ಪೂರ್ತಿ ಹೋಗಲ್ಲ. ಉಳಿದ ಸೋಪಿನ ಪದರದ ಮೇಲೆ ಕೊಳೆ ಅಂಟಿಕೊಳ್ಳುತ್ತೆ. ಮೂರನೆಯದು ಕಂಡೀಷನರ್. ಅದು ನೂಲಿನ ಮೇಲೆ ಜಿಡ್ಡಿನ ತೆಳು ಪದರ ಬಳಿಯುತ್ತೆ, ಟವೆಲ್ ನೀರು ಹೀರೋದು ಕಡಿಮೆಯಾಗುತ್ತೆ, ವಾಸನೆ ಒಳಗೇ ಉಳಿಯುತ್ತೆ. ಎರಡು ದಿನ ಒದ್ದೆಯಾಗಿರೋದು ನಾಲ್ಕನೆಯದು. ಒಗೆದ ಬಟ್ಟೆ ಸುಮಾರು 5 ಗಂಟೆಯೊಳಗೆ ಒಣಗಿದರೆ ವಾಸನೆ ಹುಟ್ಟೋದು ಅಪರೂಪ. ಮುಂದೆ ಏನೇ ಮಾಡಿದರೂ ಈ 5 ಗಂಟೆಯ ಲೆಕ್ಕ ತಲೆಯಲ್ಲಿರಲಿ.

ರಸಾಯನ_ಮೇಷ್ಟ್ರು

ಈಗಾಗಲೇ ವಾಸನೆ ಹಿಡಿದ ಬಿಳಿ ಮತ್ತು ಬಣ್ಣ ಬಿಡದ ಹತ್ತಿ ಬಟ್ಟೆಗೆ ಚಿಕಿತ್ಸೆ ಸೋಡಿಯಂ ಪರ್ಕಾರ್ಬೊನೇಟ್. ಬಿಸಿ ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತೆ. ಒಂದು ಕೊಲ್ಲುತ್ತೆ, ಇನ್ನೊಂದು ಜಿಡ್ಡು ಬಿಡಿಸುತ್ತೆ.

ಅಳತೆ: 10 ಲೀಟರ್ ನೀರು, 60 ಗ್ರಾಂ ಪರ್ಕಾರ್ಬೊನೇಟ್, ಒಂದು ದೊಡ್ಡ ಚಮಚ ಬಟ್ಟೆ ಪುಡಿ. ನೀರು 50ರಿಂದ 60 ಡಿಗ್ರಿ ಇರಬೇಕು. ಥರ್ಮಾಮೀಟರ್ ಬೇಡ. 5 ಲೀಟರ್ ಕುದಿಯುವ ನೀರಿಗೆ 5 ಲೀಟರ್ ನಲ್ಲಿ ನೀರು ಬೆರೆಸಿದರೆ 60ರ ಆಸುಪಾಸಿಗೆ ಬರುತ್ತೆ. ಮೊದಲು ತಣ್ಣೀರು, ಆಮೇಲೆ ಕುದಿ ನೀರು, ಇಲ್ಲದಿದ್ದರೆ ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುತ್ತೆ. ಪುಡಿ ಪೂರ್ತಿ ಕರಗಿದ ಮೇಲೆ ಬಟ್ಟೆ ಮುಳುಗಿಸಿ, 45 ನಿಮಿಷ ಬಿಡಿ, ಕೋಲಿನಿಂದ ಎರಡು ಸಲ ತಿರುವಿ. ಕೈಗೆ ಗ್ಲೌಸ್ ಇರಲಿ, ಚರ್ಮ ಉರಿಯುತ್ತೆ. ಆಮೇಲೆ ಎಂದಿನಂತೆ ಒಗೆದು ಎರಡು ನೀರಲ್ಲಿ ಜಾಲಿಸಿ. ಒಂದು ಸಲಕ್ಕೆ ಮುಕ್ಕಾಲು ಪಾಲು ವಾಸನೆ ಹೋದರೆ ಮುಂದಿನ ವಾರ ಮತ್ತೊಮ್ಮೆ.

ಉಣ್ಣೆ, ರೇಷ್ಮೆಗೆ ಇದು ಬೇಡವೇ ಬೇಡ. ಕರಗಿಸಿದ ನೀರನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಆಮ್ಲಜನಕ ಬಿಡ್ತಾ ಬಿಡ್ತಾ ಬಾಟಲಿ ಸಿಡಿಯುತ್ತೆ. ಪ್ರತಿ ಸಲವೂ ಹೊಸದಾಗಿ ಕಲಸಿ.

ಕೊಪ್ಪದ_ಮಳೆ

ಮೇಷ್ಟ್ರೇ, ಇಲ್ಲಿನ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಅಡುಗೆ ಸೋಡಾ ಕೊಡ್ತಾರೆ. ಅದು ಆಗಲ್ವಾ?

ರಸಾಯನ_ಮೇಷ್ಟ್ರು

ಆಗಲ್ಲ. ಹೆಸರಲ್ಲಿ ಸೋಡಾ ಇದ್ದರೂ ಮೂರೂ ಬೇರೆ ಬೇರೆ. ಅಡುಗೆ ಸೋಡಾ ತೀರಾ ಮೆದು ಕ್ಷಾರ, ಈ ಬ್ಯಾಕ್ಟೀರಿಯಾಕ್ಕೆ ಏನೂ ಮಾಡಲ್ಲ. ವಾಷಿಂಗ್ ಸೋಡಾ ಜಿಡ್ಡು ತೆಗೆಯುತ್ತೆ, ಕೊಲ್ಲಲ್ಲ. ಪರ್ಕಾರ್ಬೊನೇಟ್ ಎರಡೂ ಮಾಡುತ್ತೆ. ಕಲೆ ತೆಗೆಯೋಕೆ ಅಂತ ಸಿಗುವ ಪುಡಿ ಡಬ್ಬಿಗಳ ಹಿಂದೆ ಓದಿ, ಹಲವದರಲ್ಲಿ ಇದೇ ಮುಖ್ಯ ವಸ್ತು. ಆನ್‌ಲೈನಿನಲ್ಲಿ ಬರಿಯ ಪುಡಿಯೂ ಸಿಗುತ್ತೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಹಾಕಿ ನೋಡಿ. ಸಣ್ಣ ಗುಳ್ಳೆ ಹತ್ತಿಪ್ಪತ್ತು ನಿಮಿಷ ಎಡೆಬಿಡದೆ ಏಳ್ತಾ ಇದ್ದರೆ ಪುಡಿ ಜೀವಂತ ಇದೆ. ಗುಳ್ಳೆಯೇ ಇಲ್ಲದಿದ್ದರೆ ತೇವ ಹಿಡಿದು ಸತ್ತಿದೆ. ಮಳೆಗಾಲದಲ್ಲಿ ಹೊಟ್ಟೆ ಉಬ್ಬಿದ ಪ್ಯಾಕೆಟ್ ಕೊಳ್ಳಬೇಡಿ.

ಶಿರಸಿ_ಅಡಿಕೆ

ವಿನೆಗರ್ ಬಗ್ಗೆ ಯಾರೂ ಮಾತಾಡಲಿಲ್ಲ. ಕೊನೆಯ ಜಾಲಿಸುವ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ಟವೆಲ್ ಮೆತ್ತಗಾಗುತ್ತೆ, ವಾಸನೆಯೂ ಇಳಿಯುತ್ತೆ. ಉಪಯೋಗವೇ ಇಲ್ಲ ಅಂತ ಯಾರಾದರೂ ಅಂದರೆ ಒಪ್ಪಲ್ಲ.

ರಸಾಯನ_ಮೇಷ್ಟ್ರು

ನಿಮ್ಮ ಮಾತಲ್ಲಿ ಅರ್ಧ ಸರಿ ಇದೆ. ಸೋಪಿನ ಕ್ಷಾರ, ಗಡಸು ನೀರಿನ ಸುಣ್ಣ ಎರಡನ್ನೂ ವಿನೆಗರ್ ಕರಗಿಸುತ್ತೆ, ಆ ಕಾರಣಕ್ಕೆ ಮೆತ್ತಗಾಗುತ್ತೆ. ಆದರೆ ಅಂಗಡಿಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ 4–5 ಶೇಕಡಾ. ಅರ್ಧ ಲೋಟವನ್ನು 20 ಲೀಟರ್ ನೀರಿಗೆ ಹಾಕಿದರೆ ಯಾವ ಬ್ಯಾಕ್ಟೀರಿಯಾವೂ ಸಾಯಲ್ಲ. ಮೆಷಿನ್‌ಗೆ ಪ್ರತಿ ಸಲ ಹಾಕಿದರೆ ರಬ್ಬರ್ ಭಾಗಗಳೂ ಬೇಗ ಹಾಳಾಗಬಹುದು. ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸೋದಂತೂ ವ್ಯರ್ಥ. ನೊರೆ ಉಕ್ಕೋದು ಚೆನ್ನಾಗಿ ಕಾಣುತ್ತೆ, ಉಳಿಯೋದು ಬರೀ ಉಪ್ಪುನೀರು.

ಇದನ್ನು ಎಲ್ಲರೂ ಓದಲಿ ಅಂತ ಬೇರೆಯಾಗಿ ಬರೀತಿದ್ದೀನಿ: ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಟಾಯ್ಲೆಟ್ ತೊಳೆಯುವ ಆ್ಯಸಿಡ್, ಇವು ಯಾವುದನ್ನೂ ಕ್ಲೋರಿನ್ ಬ್ಲೀಚ್ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶಕ್ಕೇ ಅಪಾಯ.

ಡ್ರಮ್ಮು_ಬೆಲ್ಟು

ಬಟ್ಟೆಗೆ ಎಷ್ಟೇ ಚಿಕಿತ್ಸೆ ಕೊಟ್ಟರೂ ಮೆಷಿನ್ ಕೊಳಕಾಗಿದ್ದರೆ ಪ್ರಯೋಜನ ಇಲ್ಲ. ಕೊಪ್ಪದವರ ಸೆಮಿ ಆಟೋಮ್ಯಾಟಿಕ್‌ನಿಂದಲೇ ಶುರು ಮಾಡ್ತೀನಿ. ಪ್ಲಗ್ ಕಿತ್ತು, ಒಗೆಯುವ ಟಬ್ಬಿನ ತಳದಲ್ಲಿ ತಿರುಗುವ ಪಲ್ಸೇಟರಿನ ನಡುವಿನ ಸ್ಕ್ರೂ ಬಿಚ್ಚಿ. ತುಕ್ಕು ಹಿಡಿದಿದ್ದರೆ ಒಂದೆರಡು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ, ಬಲವಂತ ಮಾಡಿದರೆ ತಲೆ ಸವೆಯುತ್ತೆ. ಎತ್ತಿದಾಗ ಕೆಳಗೆ ಬೂದು ಬಣ್ಣದ ಲೋಳೆ ಕಾಣುತ್ತೆ. ಕೂದಲು, ನೂಲು, ಕರಗದ ಪುಡಿ, ಕಂಡೀಷನರ್ ಸೇರಿ ಆದ ಮುದ್ದೆ, ಬೆರಳಿಗೆ ಬೆಣ್ಣೆ ಥರ ಹತ್ತುತ್ತೆ. ನಿಮ್ಮ ಬಟ್ಟೆಯ ವಾಸನೆಯನ್ನು ಅಲ್ಲೇ ಮೂಸಬಹುದು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೂಲು ಹಿಡಿಯುವ ಬಲೆಚೀಲವನ್ನು ಒಳಗಡೆ ಹೊರಗೆ ಮಾಡಿ ತೊಳೀರಿ, ಹರಿದಿದ್ದರೆ ಬದಲಿಸಿ. ಹಿಂಡುವ ಟಬ್ಬಿನ ಒಳಗೋಡೆ ಹೊರಗೋಡೆ ನಡುವೆಯೂ ಲೋಳೆ ಕಟ್ಟುತ್ತೆ. ಅಲ್ಲಿಗೆ 50 ಗ್ರಾಂ ಪರ್ಕಾರ್ಬೊನೇಟ್ ಕರಗಿಸಿದ ಬಿಸಿನೀರು ಹುಯ್ದು ಖಾಲಿ ತಿರುಗಿಸಿ.

ಫ್ರಂಟ್ ಲೋಡ್ ಇರುವವರು ಮೊದಲು ಬಾಗಿಲಿನ ರಬ್ಬರ್ ಮಡಿಕೆಯನ್ನು ಬಿಡಿಸಿ ನೋಡಿ. ಕೆಳಭಾಗದಲ್ಲಿ ಸಣ್ಣ ತೂತುಗಳಿವೆ, ಅವು ಕಟ್ಟಿಕೊಂಡರೆ ನೀರು ನಿಲ್ಲುತ್ತೆ. ಒಂದು ಭಾಗ ಬ್ಲೀಚ್, ಹತ್ತು ಭಾಗ ನೀರಲ್ಲಿ ಅದ್ದಿದ ಬಟ್ಟೆಯನ್ನು ಮಡಿಕೆಯೊಳಗೆ ತುರುಕಿ, 30 ನಿಮಿಷ ಬಿಟ್ಟು ಒರೆಸಿ. ಆಮೇಲೆ ಮುಂಭಾಗದ ಕೆಳಮೂಲೆಯ ಮುಚ್ಚಳದೊಳಗಿನ ಡ್ರೈನ್ ಫಿಲ್ಟರ್. ಅಗಲವಾದ ತಟ್ಟೆ ಇಟ್ಟು ನಿಧಾನವಾಗಿ ಎಡಕ್ಕೆ ತಿರುಗಿಸಿ, ಒಂದೆರಡು ಲೀಟರ್ ಹಳಸಿದ ನೀರು ಬರುತ್ತೆ. ನಾಣ್ಯ, ಕೂದಲು, ಹೇರ್‌ಪಿನ್ ಎಲ್ಲ ಅಲ್ಲೇ ಇರ್ತವೆ. ಪುಡಿ ಹಾಕುವ ಡ್ರಾಯರನ್ನು ಪೂರ್ತಿ ಎಳೆದು, ಅದು ಕೂರುವ ಗೂಡಿನ ಮೇಲ್ಛಾವಣಿಯನ್ನೂ ಉಜ್ಜಿ. ಅಲ್ಲಿ ಕಪ್ಪು ಬೂಷ್ಟು ಇರುತ್ತೆ, ಬಹಳ ಜನ ನೋಡೋದೇ ಇಲ್ಲ.

ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಪರ್ಕಾರ್ಬೊನೇಟ್ ಹಾಕಿ 60 ಡಿಗ್ರಿ ಅಥವಾ ಡ್ರಮ್ ಕ್ಲೀನ್. ಸದಾ 30 ಡಿಗ್ರಿಯಲ್ಲೇ ಒಗೆದರೆ ಡ್ರಮ್ಮಿನ ಹೊರಗೋಡೆಗೆ ಜಿಡ್ಡು ಕಟ್ಟೋದು ಖಚಿತ. ಕ್ಲೋರಿನ್ ಬ್ಲೀಚನ್ನು ಡ್ರಮ್ಮಿಗೆ ಪದೇ ಪದೇ ಸುರಿಯಬೇಡಿ. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕಾಲಿನ ಸ್ಪೈಡರ್ ಅಲ್ಯೂಮಿನಿಯಂನದು, ಅದು ತಿಂದುಹೋದರೆ ಡ್ರಮ್ಮೇ ಅಲ್ಲಾಡುತ್ತೆ.

ಮೆಷಿನ್‌ನಿಂದ ಮೋರಿ ವಾಸನೆ ಬರ್ತಿದ್ದರೆ ತಪ್ಪು ಮೆಷಿನ್‌ದಲ್ಲ, ಪೈಪಿನದು. ಡ್ರೈನ್ ಹೋಸನ್ನು ನೆಲದ ನಹಾನಿ ಟ್ರ್ಯಾಪಿನೊಳಗೆ (ಬಚ್ಚಲ ನೀರು ಇಳಿಯುವ ಗುಂಡಿ) ಆಳಕ್ಕೆ ತುರುಕಿ ಟೇಪ್ ಸುತ್ತಿರ್ತಾರೆ. ಹೋಸ್ ಮೊದಲು 60ರಿಂದ 100 ಸೆಂ.ಮೀ ಎತ್ತರಕ್ಕೆ ಏರಿ ಆಮೇಲೆ ಇಳೀಬೇಕು, ತುದಿ ನೀರಿಗೆ ಮುಟ್ಟಬಾರದು, ಗಾಳಿಗೆ ಸಂದು ಇರಬೇಕು.

ಕೋಲಾರದ_ಬೋರ್‌ವೆಲ್

ಮೇಲಿನದೆಲ್ಲ ಮೆದು ನೀರಿನ ಲೆಕ್ಕ. ಬೋರ್‌ವೆಲ್ ನೀರಿನವರು ಪುಡಿ ಕಡಿಮೆ ಮಾಡಿದರೆ ವಾಸನೆ ಹೆಚ್ಚಾಗುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆ. 500 ಇರುವ ನೀರಲ್ಲಿ ಪುಡಿಯ ಅರ್ಧ ಶಕ್ತಿ ಕ್ಯಾಲ್ಸಿಯಂ ಜೊತೆ ಹೋರಾಡೋದರಲ್ಲೇ ಮುಗಿಯುತ್ತೆ. ಬೂದು ಕಿಟ್ಟ ಬಟ್ಟೆಗೆ ಅಂಟುತ್ತೆ, ಆ ಕಿಟ್ಟದಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತೆ.

ಪರಿಹಾರ ಅಗ್ಗ. 500 ಗಡಸುತನಕ್ಕೆ 20 ಲೀಟರ್ ಬಕೆಟ್‌ಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ ಪುಡಿ, ಅಂದರೆ ಎರಡು ಟೀ ಚಮಚ. ನೀರು ಹೊತ್ತ ಹರಳು ಸೋಡಾ ಆದರೆ 27 ಗ್ರಾಂ ಬೇಕು, ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಕರಗಿಸಿ ಒಂದು ಗಂಟೆ ಬಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತೆ, ಮೇಲಿನ ತಿಳಿ ನೀರಲ್ಲಿ ಒಗೆಯಿರಿ. ಟಿಡಿಎಸ್ ಮೀಟರ್ ನಂಬಿ ಅಳತೆ ಮಾಡಬೇಡಿ. ಅದು ಕರಗಿದ ಎಲ್ಲವನ್ನೂ ಎಣಿಸುತ್ತೆ, ಗಡಸುತನ ಒಂದನ್ನೇ ಹೇಳಲ್ಲ. ಹನಿ ಹಾಕಿ ನೋಡುವ ಗಡಸುತನದ ಕಿಟ್ ತಗೊಳ್ಳಿ.

ಡ್ರಮ್ಮಿಗೆ ಸುಣ್ಣ ಕಟ್ಟಿದ್ದರೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಖಾಲಿ ಓಡಿಸಿ. ಪರ್ಕಾರ್ಬೊನೇಟ್ ಅದೇ ದಿನ ಬೇಡ, ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಲ್ತವೆ.

ಕಡಲತಡಿ

ನಮ್ಮ ಉಡುಪಿ ಕಡೆ ಇನ್ನೊಂದು ತೊಂದರೆ ಉಂಟು. ಕೆಂಪುಕಲ್ಲಿನ ನೆಲದ ಬೋರ್ ನೀರಲ್ಲಿ ಕಬ್ಬಿಣ. ಪಂಪಿನಿಂದ ಬರುವಾಗ ತಿಳಿಯಾಗಿರ್ತದೆ, ಬಕೆಟಲ್ಲಿ ಒಂದು ಗಂಟೆ ಇಟ್ಟರೆ ಹಳದಿ. ಇಂಥ ನೀರಿಗೆ ಬ್ಲೀಚ್ ಆಗಲಿ ಪರ್ಕಾರ್ಬೊನೇಟ್ ಆಗಲಿ ಹಾಕಿದರೆ ಕಬ್ಬಿಣ ತುಕ್ಕಾಗಿ ಬಟ್ಟೆಗೇ ಕೂರ್ತದೆ, ಬಿಳಿ ಅಂಗಿ ಚಹಾ ಬಣ್ಣ ಆಗ್ತದೆ. ಬಟ್ಟೆಯ ಮೇಲೆ ಮೊದಲೇ ತುಕ್ಕಿನ ಕಲೆ ಇದ್ದರೆ ಪೆರಾಕ್ಸೈಡ್ ಆ ಜಾಗದಲ್ಲೇ ಜೋರಾಗಿ ಒಡೆದು ನೂಲು ತೂತು ಬೀಳ್ತದೆ.

ಹಾಗಾಗಿ ಮೊದಲು ನಿಂಬೆ ಉಪ್ಪು. 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ, ಅರ್ಧ ಗಂಟೆ, ನಂತರ ಎರಡು ನೀರಲ್ಲಿ ಜಾಲಿಸುವುದು. ವಾಸನೆ ತೆಗೆಯುವ ನೆನೆಹಾಕುವಿಕೆಗೆ ಮಳೆನೀರು ಹಿಡಿದಿಟ್ಟುಕೊಳ್ಳಿ. ನಾಲ್ಕು ತಿಂಗಳು ಮಾಡಿನಿಂದ ಬೀಳುವ ನೀರಲ್ಲಿ ಕಬ್ಬಿಣವೂ ಇಲ್ಲ, ಸುಣ್ಣವೂ ಇಲ್ಲ. ಮೊದಲ ಹತ್ತು ನಿಮಿಷದ ನೀರು ಬಿಟ್ಟು ಹಿಡಿದರೆ ಸಾಕು.

ಗಳದ_ಮೇಲೆ

ಒಣಗಿಸೋದರ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ, ಗೆಲುವು ಸೋಲು ಇರೋದು ಅಲ್ಲೇ.

ಮೊದಲು ಹಿಂಡುವ ಲೆಕ್ಕ. ಒಣ ತೂಕ 6 ಕೆಜಿ ಬಟ್ಟೆ ನಿಮಿಷಕ್ಕೆ 1000 ಸುತ್ತಿನಲ್ಲಿ ಹಿಂಡಿದ ಮೇಲೂ ಸುಮಾರು ಮೂರೂವರೆ ಲೀಟರ್ ನೀರು ಹೊತ್ತಿರುತ್ತೆ. ಈಗ ಕೋಣೆ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ 25 ಡಿಗ್ರಿಯಲ್ಲಿ ಹೆಚ್ಚೆಂದರೆ 650 ಗ್ರಾಂ ನೀರಾವಿ ಹಿಡಿಯುತ್ತೆ. ಮಳೆಗಾಲದಲ್ಲಿ ಆರ್ದ್ರತೆ 85 ಶೇಕಡಾ ಇದ್ದರೆ ಉಳಿದಿರೋ ಜಾಗ ನೂರು ಗ್ರಾಂ, ಅಂದರೆ ಅರ್ಧ ಲೋಟ. ಮೂರೂವರೆ ಲೀಟರ್ ಹೋಗೋದು ಎಲ್ಲಿಗೆ? ಕಿಟಕಿ ಮುಚ್ಚಿ ಬರೀ ಫ್ಯಾನ್ ಹಾಕಿದರೆ ಸುತ್ತೋದು ಅದೇ ಒದ್ದೆ ಗಾಳಿ.

ದಾರಿ ಮೂರು. ಗಾಳಿ ಬದಲಾಗಬೇಕು, ಇಲ್ಲ ಬಿಸಿಯಾಗಬೇಕು, ಇಲ್ಲ ಅದರೊಳಗಿನ ನೀರು ತೆಗೀಬೇಕು. ಅದೇ ಕೋಣೆಯನ್ನು 35 ಡಿಗ್ರಿಗೆ ಏರಿಸಿದರೆ ಹೆಚ್ಚುವರಿ ಅರ್ಧ ಲೀಟರಿಗೂ ಮೇಲೆ ಹಿಡಿಯುತ್ತೆ. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಬಟ್ಟೆ ಒಣಗೋದರ ಗುಟ್ಟು ಅದು. ಹೊಗೆ ವಾಸನೆ ಬೇಡ ಅಂದರೆ ಬೆಂಕಿ ಉರಿಯುವಾಗ ಹಾಕಬೇಡಿ, ಹಂಡೆ ಕಾದು ಬರೀ ಕೆಂಡ ಉಳಿದ ಮೇಲೆ ಹಾಕಿ. ಪಾಲಿಯೆಸ್ಟರ್ ಬಟ್ಟೆ ಒಲೆಯ ನೇರಕ್ಕೆ ಬೇಡ. ಕೆಂಡದ ಬಾಣಲೆಯನ್ನು ಮುಚ್ಚಿದ ಮಲಗುವ ಕೋಣೆಗೆ ತರೋದಂತೂ ಕೂಡದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುತ್ತೆ.

ಸೆಮಿ ಆಟೋಮ್ಯಾಟಿಕ್‌ನ ಹಿಂಡುವ ಟಬ್ ಸಾಮಾನ್ಯವಾಗಿ 1300 ಸುತ್ತಿನ ಆಸುಪಾಸು, ಟಾಪ್ ಲೋಡಿಗಿಂತ ಎಷ್ಟೋ ಮೇಲು. ಅದನ್ನು ಪೂರ್ತಿ ಬಳಸಿಕೊಳ್ಳಿ. ಅರ್ಧ ತುಂಬಿಸಿ 5 ನಿಮಿಷ, ತೆಗೆದು ಕೊಡವಿ ಮಗ್ಗುಲು ಬದಲಿಸಿ ಮತ್ತೆ 5 ನಿಮಿಷ. ಎರಡನೇ ಸಲವೂ ಪೈಪಿನಿಂದ ಸಣ್ಣ ಧಾರೆ ಬರೋದನ್ನು ನೋಡಬಹುದು, ಅಷ್ಟು ನೀರು ಹಗ್ಗದ ಮೇಲೆ ಒಣಗಬೇಕಿತ್ತು.

ಹಗ್ಗದಲ್ಲಿ ಬಟ್ಟೆ ಬಟ್ಟೆ ನಡುವೆ ನಾಲ್ಕು ಬೆರಳು ಸಂದು. ಟವೆಲ್ಲನ್ನು ಸಮ ಮಡಿಸಬೇಡಿ, ಒಂದು ತುದಿ ಗಿಡ್ಡ ಇನ್ನೊಂದು ಉದ್ದ ಇದ್ದರೆ ನಡುವೆ ಗಾಳಿ ಆಡುತ್ತೆ. ಜೀನ್ಸ್ ಒಳಹೊರಗು ಮಾಡಿ, ಸೊಂಟವನ್ನು ನಾಲ್ಕು ಕ್ಲಿಪ್ಪಿನಲ್ಲಿ ಕೊಳವೆಯಂತೆ ತೂಗುಹಾಕಿ. ಫ್ಯಾನನ್ನು ಕೆಳಗಿನಿಂದ ಬೀಸುವ ಹಾಗೆ ಇಡಿ, ನೀರು ಇಳಿದು ನಿಲ್ಲೋದು ಬಟ್ಟೆಯ ಕೆಳ ಅಂಚಲ್ಲಿ. ಒಣಗಿತಾ ಅಂತ ನೋಡೋಕೆ ನಡುಭಾಗ ಮುಟ್ಟಬೇಡಿ. ಕಾಲರಿನ ಒಳಮಡಿಕೆ, ಜೇಬಿನ ಮೂಲೆ, ಟವೆಲ್ ಅಂಚಿನ ಹೊಲಿಗೆಯನ್ನು ತುಟಿಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ಹಸಿ.

ಡಬ್ಲಿನ್_ಕನ್ನಡತಿ

ಇಲ್ಲೂ ವರ್ಷಪೂರ್ತಿ ಮನೆಯೊಳಗೇ ಒಣಗಿಸೋದು. ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯುವ ಯಂತ್ರ) ಕೊಳ್ಳುವವರಿಗೆ ಒಂದು ಮಾತು. ಕಂಪ್ರೆಸರ್ ಇರೋದು 20 ಡಿಗ್ರಿ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ, ಊರಲ್ಲಿ ಅದೇ ಸರಿ. ತಣ್ಣನೆ ಕೋಣೆಗೆ ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ. ಹಾಕಿದಾಗ ಕಿಟಕಿ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಹೊರಗಿನ ಮಳೆಗಾಳಿಯನ್ನೇ ಒಣಗಿಸ್ತಾ ಕೂರುತ್ತೆ. ಎಸಿ ಇದ್ದವರಿಗೆ ಅದರ ಡ್ರೈ ಮೋಡ್ ಸಾಕು.

ಇಳಕಲ್_ಸೆರಗು

ಕಪಾಟಿನ ಸೀರೆಗಳನ್ನು ಮರೀಬೇಡ್ರಿ. ಮೈಸೂರು ಸಿಲ್ಕ್, ಇಳಕಲ್ ಎರಡಕ್ಕೂ ಪರ್ಕಾರ್ಬೊನೇಟ್, ಬ್ಲೀಚ್, ವಾಷಿಂಗ್ ಸೋಡಾ ಯಾವುದೂ ಬ್ಯಾಡ. ಕ್ಷಾರ ತಾಗಿದರೆ ರೇಷ್ಮೆಯ ಹೊಳಪು ಹೋಗಿ ನೂಲು ಸಡಿಲಾಗ್ತದ, ಕೆಂಪು ಸೆರಗಿದ್ದರೆ ಬಣ್ಣ ಒಡಲಿಗೆ ಹತ್ತತದ. ಮುಗ್ಗಿದ ವಾಸನಿ ಇದ್ದರ ನೆರಳಲ್ಲಿ, ಫ್ಯಾನಿನ ಕೆಳಗೆ ಎರಡು ದಿನ ಬಿಚ್ಚಿ ಹರವ್ರಿ. ಆಮ್ಯಾಲೆ ತೊಳೆದ ಮಲ್ ಬಟ್ಟೆಯಲ್ಲಿ ಸುತ್ತಿ ಇಡ್ರಿ, ಪ್ಲಾಸ್ಟಿಕ್ ಚೀಲದಾಗ ಬ್ಯಾಡ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸ್ರಿ. ಬೂಷ್ಟಿನ ಚುಕ್ಕೆ ಬಂದಿದ್ದರ ಒದ್ದೆ ಬಟ್ಟೆಲೆ ತಿಕ್ಕಬ್ಯಾಡ್ರಿ, ನೂಲಿನೊಳಗ ಇಳೀತದ. ಒಣ ಮೆತ್ತನೆ ಬ್ರಷ್ಷಿನಿಂದ ಮನೆ ಹೊರಗ ಕೊಡವಿ, ಆಮ್ಯಾಲೆ ಡ್ರೈ ವಾಶ್.

ನುಸಿಗುಳಿಗೆ ಹುಳಕ್ಕ, ತೇವಕ್ಕಲ್ಲ. ಜಿ6ಪಿಡಿ ಅನ್ನೋ ರಕ್ತದ ಕಿಣ್ವದ ಕೊರತೆ ಇರೋ ಕೂಸುಗಳಿಗೆ ಗುಳಿಗೆಯಾಗಿನ ನ್ಯಾಫ್ತಲಿನ್ ತಾಗಿದರ ಕೆಂಪು ರಕ್ತಕಣ ಒಡೀತಾವ, ಹಂಗಾಗಿ ಕೂಸಿನ ಬಟ್ಟಿ, ಕೌದಿ ಇಡೋ ಕಪಾಟಿನಾಗ ಅದು ಬ್ಯಾಡ. ತೇವ ಹೀರೋಕ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡ್ರಿ, ನೀರು ತುಂಬಿದ ಮ್ಯಾಲೆ ಚೆಲ್ಲದಂಗ ಬದಲಿಸ್ರಿ, ಆ ನೀರು ಬಟ್ಟಿಗೆ ಬಿದ್ದರ ಒಣಗಂಗಿಲ್ಲ. ಲಾವಂಚದ ಬೇರು ಘಮಕ್ಕ ಚಲೋ, ಆದರ ಕಪಾಟು ಒಣಗಿದ ಮ್ಯಾಲೆ.

ಕೊಪ್ಪದ_ಮಳೆ

ಎಲ್ಲರಿಗೂ ವಂದನೆ. ಕೊನೆಯದಾಗಿ, ಇಸ್ತ್ರಿ ಮಾಡಿ ತಕ್ಷಣ ಮಡಿಸಿಟ್ಟರೆ ಸರಿಯಾ? ಮತ್ತೆ ತೋಟಕ್ಕೆ ಹೊದ್ದುಕೊಂಡು ಹೋಗುವ ಕಂಬಳಿಗೆ ಏನು ಮಾಡೋದು?

ಗಳದ_ಮೇಲೆ

ತಕ್ಷಣ ಮಡಿಸಬೇಡಿ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಿಸಿ ಹಬೆ ಉಳಿದಿರುತ್ತೆ, ಹ್ಯಾಂಗರಿನಲ್ಲಿ ಒಂದು ಗಂಟೆ ತೂಗಲಿ. ಹತ್ತಿ ಬಟ್ಟೆ ಮುಕ್ಕಾಲು ಒಣಗಿದಾಗಲೇ ಹತ್ತಿಯ ಗುರುತಿಗಿಟ್ಟು ಎರಡೂ ಮಗ್ಗುಲು ಒತ್ತಿದರೆ ಆ ಬಿಸಿ ಹಬೆಗೇ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತೆ. ಮಳೆಗಾಲದಲ್ಲಿ ಬನಿಯನ್, ಶಾಲೆಯ ಯೂನಿಫಾರ್ಮ್ ಅಂಗಿಗೆ ಹೀಗೇ ಮಾಡಿ. ಪಾಲಿಯೆಸ್ಟರ್ ಬೆರಕೆ ಇದ್ದರೆ ಶಾಖ ಇಳಿಸಿ, ಇಲ್ಲದಿದ್ದರೆ ಹೊಳೆಯುವ ಕಲೆ ಬೀಳುತ್ತೆ.

ಕಂಬಳಿ ಉಣ್ಣೆ. ಬಿಸಿನೀರು, ಸೋಡಾ ತಾಗಿದರೆ ಕುಗ್ಗಿ ಗಟ್ಟಿಯಾಗುತ್ತೆ. ಹತ್ತು ಹದಿನೈದು ಅಂಟುವಾಳಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ಕುದಿಸಿ, ಸೋಸಿ, ಆರಿದ ಮೇಲೆ 10 ಲೀಟರ್ ತಣ್ಣೀರಿಗೆ ಬೆರೆಸಿ. ಅದರಲ್ಲಿ ಕಂಬಳಿಯನ್ನು ಒತ್ತಿ ಒತ್ತಿ ತೊಳೀರಿ, ಹಿಂಡಿ ತಿರುಚಬೇಡಿ. ದಿನಾ ತೋಟದಿಂದ ಬಂದಾಗ ಮಡಿಸಿ ಮೂಲೆಗೆ ಹಾಕದೆ, ಎರಡು ಗಳಗಳ ಮೇಲೆ ಅಡ್ಡವಾಗಿ ಹರವಿ, ನಡುವೆ ಒಂದು ಮೊಳ ಜಾಗ ಬಿಡಿ. ಒಂದೇ ಗಳದ ಮೇಲೆ ಹಾಕಿದರೆ ಎರಡು ಪದರ ಒಂದಕ್ಕೊಂದು ಅಂಟಿ ಒಳಮೈ ಬೆಳಗ್ಗೆವರೆಗೂ ಒದ್ದೆಯಾಗೇ ಇರುತ್ತೆ.